ದೂತನ ಗೊಂಬೆ ಯಾರು ಮಾಡುತ್ತಾರೆ? ಸಣ್ಣ ಪಾತ್ರಗಳ ಆ್ಯಕ್ಷನ್ ಫಿಗರ್ ಬಗ್ಗೆ ಚರ್ಚೆ

ಕಾಳಿಸಂಗಮ, ಕಾರವಾರ

ನಾಯಕನ ಗೊಂಬೆ ಎಲ್ಲರೂ ಮಾಡುತ್ತಾರೆ. ಖಳನಾಯಕನದ್ದೂ ಸಿಗುತ್ತದೆ. ಎರಡು ನಿಮಿಷ ಬಂದು ಹೋಗುವವನ ಗೊಂಬೆ ಬೇಕಾದರೆ ಎಲ್ಲಿಗೆ ಹೋಗಬೇಕು? ಅಂಥ ಗೊಂಬೆ ಹೊರತರಲು ಕಂಪನಿಗಳು ಏನೇನು ಉಪಾಯ ಮಾಡುತ್ತವೆ, ನಮ್ಮ ಕೈಯಲ್ಲಿ ಏನಾಗುತ್ತದೆ, ಎಲ್ಲ ಒಂದೇ ಕಡೆ ಮಾತಾಡೋಣ ಅಂತ ಶುರು ಮಾಡುತ್ತಿದ್ದೇನೆ.

ಸ್ಟಾರ್ ವಾರ್ಸ್ ಗೊಂಬೆ ಕೂಡಿಡುವವರು ಈ ವಿಷಯದಲ್ಲಿ ಪುಣ್ಯವಂತರು. 1978ರ ಹೊತ್ತಿಗೆ ಕೆನ್ನರ್ ಕಂಪನಿ ಆ ಸಿನಿಮಾದ ಗೊಂಬೆ ತಂದಾಗ, ಮದ್ಯದಂಗಡಿಯ ದೃಶ್ಯದಲ್ಲಿ ಸುಮ್ನೆ ಮೂಲೆಯಲ್ಲಿದ್ದ ವಿಚಿತ್ರ ಜೀವಿಗಳನ್ನೂ ಬಿಡಲಿಲ್ಲ. ಸಿನಿಮಾದಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಪೊಟ್ಟಣದ ಮೇಲೆ ಕಂಪನಿಯೇ ಒಬ್ಬನಿಗೆ ಹ್ಯಾಮರ್‌ಹೆಡ್, ಇನ್ನೊಬ್ಬನಿಗೆ ವಾಲ್ರಸ್ ಮ್ಯಾನ್ ಅಂತ ಬರೆಯಿತು. 1980ರ ಎರಡನೇ ಸಿನಿಮಾದಲ್ಲಿ ಐಸ್‌ಕ್ರೀಂ ಮಾಡುವ ಡಬ್ಬಿಯಂಥದ್ದನ್ನು ಎತ್ತಿಕೊಂಡು ಓಡಿ ಹೋಗುವ ಒಬ್ಬ ಮನುಷ್ಯ ಇದ್ದಾನೆ. ಕಣ್ಣು ಮಿಟುಕಿಸಿದರೆ ಕಾಣಲ್ಲ. ಅವನಿಗೂ ಕೊನೆಗೆ ಗೊಂಬೆ ಬಂತು, ಡಬ್ಬಿ ಸಮೇತ.

ಈಗ ನಮ್ಮ ಕಡೆ ನೋಡಿ. ಯಕ್ಷಗಾನದ ಗೊಂಬೆ ಬೇಕು ಅಂತ ಅಂಗಡಿಗೆ ಹೋದರೆ ಕಿರೀಟ ಇಟ್ಟ ಒಂದು ಮುಖ ಕೊಡುತ್ತಾರೆ. ಯಾರಿದು ಅಂದರೆ "ಯಕ್ಷಗಾನ" ಅನ್ನುತ್ತಾರೆ. ಪಾತ್ರಕ್ಕೆ ಹೆಸರೇ ಇಲ್ಲ! ನನಗೆ ಬೇಕಾಗಿರುವುದು ದೂತ. ನಳದಮಯಂತಿಯ ಬಾಹುಕ, ಅಂದರೆ ರೂಪ ಕೆಟ್ಟ ನಳ. ಭೀಷ್ಮ ವಿಜಯದಲ್ಲಿ ಅಂಬೆಯ ಜೊತೆ ಹೋಗುವ ಮುದುಕ ಬ್ರಾಹ್ಮಣ. ಚಂದ್ರಹಾಸನನ್ನು ಕೊಲ್ಲಲು ಕಾಡಿಗೆ ಕರೆದುಕೊಂಡು ಹೋಗಿ, ಮನಸ್ಸು ಕರಗಿ, ಅವನ ಆರನೇ ಕಾಲ್ಬೆರಳು ಮಾತ್ರ ಕತ್ತರಿಸಿ ತರುವ ಕಟುಕರು.

ಹುಚ್ಚು ಅನ್ನಿಸಿದರೂ ಪರವಾಗಿಲ್ಲ, ಉತ್ತರ ಕೊಡಿ.

ಪೇಟೆಅಂಗಡಿ, ಶಿರಸಿ

ಹುಚ್ಚೇ. ಆದರೂ ಹೇಳುತ್ತೇನೆ, ಆಟಿಕೆ ಅಂಗಡಿ ಇಟ್ಟವನು ನಾನು.

ಗೊಂಬೆ ನಮಗೆ ಬಿಡಿಬಿಡಿಯಾಗಿ ಬರುವುದಿಲ್ಲ, ಪೆಟ್ಟಿಗೆ ಲೆಕ್ಕದಲ್ಲಿ ಬರುತ್ತದೆ. ಒಳಗೆ ಯಾರು ಎಷ್ಟು ಅಂತ ಕಂಪನಿಯವರೇ ತೀರ್ಮಾನ ಮಾಡಿರುತ್ತಾರೆ. ನಾಯಕ ಮೂರು ನಾಲ್ಕು, ಗೊತ್ತಿಲ್ಲದ ಮುಖ ಒಂದು. ನಾಯಕ ಮೊದಲ ವಾರ ಖಾಲಿ. ಗೊತ್ತಿಲ್ಲದವನು ಕೊಕ್ಕೆಯಲ್ಲಿ ನೇತಾಡುತ್ತಾ ಬಿಸಿಲಿಗೆ ಬಣ್ಣ ಬಿಡುತ್ತಾನೆ. ಅವನು ಖಾಲಿಯಾಗದೆ ಹೊಸ ಪೆಟ್ಟಿಗೆ ತರಿಸಲು ನನಗೂ ಧೈರ್ಯ ಇಲ್ಲ, ಕಳಿಸಲು ಏಜೆಂಟರಿಗೂ ಮನಸ್ಸಿಲ್ಲ. ಒಬ್ಬ ಸಣ್ಣ ಪಾತ್ರದವನು ಇಡೀ ಸಾಲನ್ನೇ ನಿಲ್ಲಿಸಿಬಿಡುತ್ತಾನೆ.

ದೊಡ್ಡ ಊರುಗಳಲ್ಲಿ ಇದು ಉಲ್ಟಾ. ಪೆಟ್ಟಿಗೆಗೆ ಒಂದೇ ಇರುವ ಆ ಗೊಂಬೆಯನ್ನು ಗೊತ್ತಿದ್ದವನು ಬೆಳಿಗ್ಗೆಯೇ ಬಂದು ಎತ್ತಿಕೊಂಡು ಹೋಗಿ ಆನ್‌ಲೈನ್‌ನಲ್ಲಿ ಡಬಲ್ ರೇಟಿಗೆ ಇಡುತ್ತಾನೆ. ನಿಜವಾಗಿ ಬೇಕಾದವನಿಗೆ ಸಿಗಲ್ಲ.

ಮಾರಿಕಾಂಬಾ ಜಾತ್ರೆಯಲ್ಲಿ ಇಡಿ ಅಂತ ಯಾರಾದರೂ ಹೇಳುವ ಮೊದಲೇ ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ ಬರುವ ಒಂಬತ್ತು ದಿನದ ಜಾತ್ರೆ ಅದು. ಅಲ್ಲಿ ಮಗು ಕೈ ತೋರಿಸಬೇಕು, ಅಪ್ಪ ಜೇಬಿಗೆ ಕೈ ಹಾಕಬೇಕು, ಎರಡೂ ಒಂದೇ ನಿಮಿಷದಲ್ಲಿ ಆಗಬೇಕು. "ಇವನು ಯಾರು ಗೊತ್ತಾ ಪುಟ್ಟಾ" ಅಂತ ಬಾಹುಕನ ಕಥೆ ಹೇಳುತ್ತಾ ಕೂತರೆ ಪಕ್ಕದ ಸ್ಟಾಲಿನ ಬಲೂನಿನವನು ದಿನದ ವ್ಯಾಪಾರ ಮುಗಿಸಿರುತ್ತಾನೆ.

ಡೈಮೇಕರ್, ಸದಾಶಿವಗಡ

ಗೋವಾದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸ ನನ್ನದು. ಗೊಂಬೆ ಅಲ್ಲ, ಬೇರೆ ಸಾಮಾನು. ಆದರೆ ಲೆಕ್ಕ ಎಲ್ಲಾ ಒಂದೇ.

ಖರ್ಚು ಪ್ಲಾಸ್ಟಿಕ್‌ದಲ್ಲ, ಡೈದು, ಅಂದರೆ ಅಚ್ಚಿನದು. ಉಕ್ಕನ್ನು ಕೊರೆದು ಎರಡು ಭಾಗದ ಡೈ ಮಾಡುತ್ತೇವೆ. ಬಿಸಿ ಪ್ಲಾಸ್ಟಿಕ್ ಒತ್ತಡದಲ್ಲಿ ಒಳಗೆ ಹೋಗಿ ತಣ್ಣಗಾದ ಮೇಲೆ ಡೈ ಬಿಚ್ಚಿ ಪೀಸ್ ಹೊರಗೆ ಬರಬೇಕು. ಬಾಗಿದ ಮೊಣಕೈ, ಕಿವಿಯ ಹಿಂದಿನ ತಗ್ಗು, ಕತ್ತಿ ಹಿಡಿಯುವ ಮುಷ್ಟಿಯ ತೂತು, ಇಂಥ ಕಡೆ ಪೀಸ್ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಪಕ್ಕದಿಂದ ಸರಿಯುವ ಸ್ಲೈಡರ್ ಇಡಬೇಕು. ಸ್ಲೈಡರ್ ಜಾಸ್ತಿಯಾದಷ್ಟೂ ಡೈ ರೇಟು ಏರುತ್ತದೆ. ಕೈಕಾಲೆಲ್ಲ ಆಡುವ ಒಂದು ಗೊಂಬೆಗೆ ಬಿಡಿ ಭಾಗಗಳೇ ಹದಿನೈದು ಇಪ್ಪತ್ತು ಆಗುತ್ತವೆ. ಉದಾಹರಣೆಗೆ ಡೈಗೆ 6 ಲಕ್ಷ ಅಂತ ಇಟ್ಟುಕೊಳ್ಳಿ. 10,000 ಗೊಂಬೆ ಮಾರಿದರೆ ಒಂದರ ಮೇಲೆ 60 ರೂಪಾಯಿ ಬೀಳುತ್ತದೆ. 300 ಮಾರಿದರೆ 2,000 ರೂಪಾಯಿ. ದೂತನ ಗೊಂಬೆ ಯಾಕೆ ಬರಲ್ಲ ಅನ್ನುವುದಕ್ಕೆ ಇಷ್ಟೇ ಉತ್ತರ.

ಹಾಗಾದರೆ ಕಂಪನಿಗಳು ಹೇಗೆ ತರುತ್ತವೆ? ಹಳೇ ಡೈ ಇಟ್ಟುಕೊಂಡು. 1982ರಲ್ಲಿ ಮ್ಯಾಟೆಲ್ ಹೀ-ಮ್ಯಾನ್ ಗೊಂಬೆಗಳನ್ನು ತಂದಿತಲ್ಲ, ಅದರಲ್ಲಿ ಎಷ್ಟೋ ಜನರಿಗೆ ಒಂದೇ ಎದೆ, ಒಂದೇ ತೋಳು, ಒಂದೇ ಕಾಲು. ತಲೆ ಹೊಸದು, ಬಣ್ಣ ಹೊಸದು, ಮೇಲೊಂದು ಕವಚ ಹೊಸದು. ಹೀ-ಮ್ಯಾನ್ ಹತ್ತುವ ಹಸಿರು ಹುಲಿ ಬ್ಯಾಟಲ್ ಕ್ಯಾಟ್ ಕೂಡ ಅವರದೇ ಹಳೆಯ ಬಿಗ್ ಜಿಮ್ ಸರಣಿಯ ಹುಲಿಯ ಡೈಯಿಂದ ಬಂದದ್ದು. ಬಣ್ಣ ಬಳಿದು ಜೀನು ಕಟ್ಟಿದರು, ಅಷ್ಟೇ.

ಇನ್ನೊಂದು, ಮುಖದ ಮೇಲಿನ ಬಣ್ಣ. ಕಣ್ಣು, ಹುಬ್ಬು, ತುಟಿ ಇವನ್ನು ಪ್ಯಾಡ್ ಪ್ರಿಂಟಿಂಗ್‌ನಲ್ಲಿ ಒತ್ತುತ್ತಾರೆ. ಒಂದೊಂದು ಬಣ್ಣಕ್ಕೆ ಒಂದೊಂದು ಸಲ. ಯಕ್ಷಗಾನದ ಮುಖ ಅಂದರೆ ನನಗೆ ಇಲ್ಲೇ ತಲೆ ತಿರುಗುತ್ತದೆ.

ಚೌಕಿಮನೆ, ಹೊನ್ನಾವರ

@ಡೈಮೇಕರ್ ತಲೆ ತಿರುಗುವುದು ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ ಮಾತ್ರ ಮಾರಾಯ್ರೇ. ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಡಲು ಅಲ್ಲಿ ಗಂಟೆಗಟ್ಟಲೆ ಬೇಕು. ಹಾಸ್ಯಗಾರನ ಮುಖ ಎಷ್ಟು ಹೊತ್ತು? ಬುಡಬಣ್ಣ, ಹುಬ್ಬು, ಒಂದು ಮೀಸೆ, ಬೇಕಾದರೆ ಮೂಗಿನ ಮೇಲೊಂದು ಚುಕ್ಕೆ. ಕಿರೀಟ ಇಲ್ಲ, ಭುಜಕೀರ್ತಿ ಇಲ್ಲ, ಎದೆಕಟ್ಟು ಇಲ್ಲ. ಕಾಳಿಸಂಗಮ ಅವರು ಕೇಳಿದ ಪಾತ್ರಗಳೇ ಮಾಡಲು ಎಲ್ಲಕ್ಕಿಂತ ಸಲೀಸು. ಕೃಷ್ಣನ ಗೊಂಬೆಗೆ ಹತ್ತು ಬಣ್ಣ ಬೇಕಾದರೆ ದೂತನಿಗೆ ಮೂರು ಸಾಕು.

ಮೇಳದಲ್ಲಿ ನಡೆಯುವುದೂ ಹಳೇ ಡೈ ಲೆಕ್ಕವೇ. ದಗಲೆ, ಕಸೆ ಸೀರೆ, ಗೆಜ್ಜೆ ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ ಪೆಟ್ಟಿಗೆಯದು. ಬದಲಾಗುವುದು ತಲೆ. ಕೇದಗೆ ಮುಂದಲೆ ಕಟ್ಟಿದರೆ ಅಭಿಮನ್ಯು, ಬಬ್ರುವಾಹನ. ದೊಡ್ಡ ಮುಂಡಾಸು ಬಂದರೆ ಕರ್ಣ. ಕೆಂಪು ಮುಂಡಾಸು ಕಿರಾತ. ಹಾಸ್ಯಗಾರ ಒಬ್ಬನೇ ರಾತ್ರಿ ಬೆಳಗಾಗುವುದರೊಳಗೆ ದೂತ, ರಜಕ, ಬ್ರಾಹ್ಮಣ ಎಲ್ಲ ಆಗಿ ಬರುತ್ತಾನೆ. ಶಾಲು ಬದಲು, ಟೊಪ್ಪಿ ಬದಲು, ಕೈಯಲ್ಲಿ ಕೋಲು ಬದಲು.

ಹಾಗಾಗಿ ನಾಲ್ಕು ಗೊಂಬೆ ಬೇಡ. ಹಾಸ್ಯಗಾರನ ಗೊಂಬೆ ಒಂದು ಮಾಡಿ. ಪೆಟ್ಟಿಗೆಯಲ್ಲಿ ನಾಲ್ಕು ತಲೆ, ನಾಲ್ಕು ಸಾಮಾನು ಇಡಿ. ಒಂದು ರಾತ್ರಿಯ ಆಟಕ್ಕೆ ಬೇಕಾದ ಸಣ್ಣ ಪಾತ್ರವೆಲ್ಲ ಬಂತು.

ಸಣ್ಣ ಪಾತ್ರ ಅಂದಿದ್ದಕ್ಕೆ ನನ್ನದೊಂದು ತಕರಾರಿದೆ. ಒಳ್ಳೇ ಹಾಸ್ಯಗಾರ ಇಲ್ಲದ ಮೇಳಕ್ಕೆ ಆಟ ಕೊಡುವವರು ಯಾರು ಹೇಳಿ. ಬಾಹುಕನ ಮಾತು ಕೇಳಲಿಕ್ಕೇ ಬರುವವರಿದ್ದಾರೆ.

ಕಾಳಿಸಂಗಮ, ಕಾರವಾರ

ತಕರಾರು ಒಪ್ಪಿದೆ. ಆಟದಲ್ಲಿ ದೊಡ್ಡವರು, ಅಂಗಡಿಯಲ್ಲಿ ಸಣ್ಣವರು ಅಂದುಕೊಳ್ಳೋಣ. ಒಂದು ಮೈ ನಾಲ್ಕು ತಲೆ ಅನ್ನುವುದು ಭಾರಿ ಇಷ್ಟವಾಯಿತು.

ಹಳೇಪುಸ್ತಕ, ಭಟ್ಕಳ

ಯಕ್ಷಗಾನ ಬಿಡಿ, ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗನ ಗೊಂಬೆ ಮೊದಲು ಮಾಡಿ!! ನಾಲ್ಕು ಜನ ಅಲ್ಲ, ನಾಲ್ಕು ಸಾವಿರ ಜನ ತೆಗೆದುಕೊಳ್ಳುತ್ತಾರೆ. ಪಾತ್ರ ಮರೆತು ಹೋಗಿದೆ ಅಂತ ಕಂಪನಿಯವರು ಅಂದುಕೊಂಡಿರಬಹುದು. ನಮ್ಮ ವಯಸ್ಸಿನವರನ್ನು ಕೇಳಿ ನೋಡಲಿ.

ಕರಿಕೋಟು, ಕುಮಟಾ

@ಹಳೇಪುಸ್ತಕ ಆಸೆ ನನಗೂ ಇದೆ. ಆದರೆ ಕಾರ್ಟೂನ್ ಪಾತ್ರಕ್ಕೆ ಒಡೆಯರು ಇರುತ್ತಾರೆ. ಪತ್ರಿಕೆ ಬರುವುದು ನಿಂತರೂ ಹಕ್ಕು ನಿಲ್ಲುವುದಿಲ್ಲ. ನಮ್ಮ ದೇಶದಲ್ಲಿ ಬರೆದವರು, ಚಿತ್ರ ಬಿಡಿಸಿದವರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಸಿನಿಮಾ ಆದರೆ ಬಿಡುಗಡೆಯಾದ ಮೇಲೆ 60 ವರ್ಷ. ಪಾತ್ರ ಎಷ್ಟು ಚಿಕ್ಕದು, ಯಾರಿಗೆ ನೆನಪಿದೆ, ಅದೆಲ್ಲ ಕೋರ್ಟಿನಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಸಿನಿಮಾದ ಸಣ್ಣ ಪಾತ್ರಕ್ಕೆ ಇನ್ನೊಂದು ತೊಡಕಿದೆ. ಗೊಂಬೆ ಕಂಪನಿ ಇಡೀ ಸಿನಿಮಾದ ಲೈಸೆನ್ಸ್ ತೆಗೆದುಕೊಂಡಿದ್ದರೂ ನಟನ ಮುಖ ಬಳಸಲು ಬೇರೆ ಒಪ್ಪಿಗೆ ಬೇಕಾಗಬಹುದು. ನಾಯಕನ ಕರಾರಿನಲ್ಲಿ ಅದು ಮೊದಲೇ ಬರೆದಿರುತ್ತದೆ. ಒಂದು ದಿನದ ಶೂಟಿಂಗಿಗೆ ಬಂದು ಹೋದವರನ್ನು ಎಲ್ಲಿ ಹುಡುಕುವುದು? ಮುಖವಾಡ ಹಾಕಿದ ಜೀವಿ, ರೋಬೋಟ್, ಹೆಲ್ಮೆಟ್ ತೊಟ್ಟ ಸೈನಿಕ, ಇವರ ಗೊಂಬೆಗೆ ಆ ತಾಪತ್ರಯವೇ ಇಲ್ಲ ನೋಡಿ.

ಪುರಾಣದ ಪಾತ್ರ ಯಾರ ಆಸ್ತಿಯೂ ಅಲ್ಲ. ಬಾಹುಕನನ್ನು ನೀವೂ ಮಾಡಬಹುದು, ನಾನೂ ಮಾಡಬಹುದು. ಎರಡು ಎಚ್ಚರಿಕೆ ಮಾತ್ರ. ಈಚಿನ ಕವಿಗಳು ಬರೆದ ಪ್ರಸಂಗದ ಪದ್ಯವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಬೇಡಿ. ಮತ್ತೆ, ಹೆಸರಾದ ಕಲಾವಿದರ ಮುಖವನ್ನು ಹಾಗೇ ಇಳಿಸಬೇಡಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರ ಅಂತ ಮಾರಬೇಕಾದರೆ ಅವರ ಮನೆಯವರನ್ನು ಕೇಳಿಯೇ ಮುಂದೆ ಹೋಗಬೇಕು. ಅದು ಕಾನೂನಿನ ಮಾತಾಯಿತು, ಮರ್ಯಾದೆಯ ಮಾತೂ ಆಯಿತು.

ಜೋಗುಳ, ಅಂಕೋಲಾ

ಎಲ್ಲರೂ ದೊಡ್ಡವರ ಆಟದ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಮನೆಯಲ್ಲಿ ಮೂರು ವರ್ಷದವನು ಇದ್ದಾನೆ. ನಾಲ್ಕು ಬಿಡಿ ತಲೆ ಇರುವ ಗೊಂಬೆ ಮನೆಗೆ ಬಂದರೆ ಮೊದಲ ತಲೆ ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಇನ್ನು ಕಟುಕರ ಪೆಟ್ಟಿಗೆಯಲ್ಲಿ ಚಂದ್ರಹಾಸನ ಕಾಲ್ಬೆರಳನ್ನೂ ಬಿಡಿಯಾಗಿ ಇಟ್ಟರೆ ಮುಗಿಯಿತು!

ಕರಿಕೋಟು, ಕುಮಟಾ

ಅಕ್ಕ ಹೇಳಿದ್ದು ಸರಿ. ಕಾನೂನೂ ಅದನ್ನೇ ಕೇಳುತ್ತದೆ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲೆ "ದೊಡ್ಡವರ ಸಂಗ್ರಹಕ್ಕೆ ಮಾತ್ರ" ಅಂತ ಬರೆದು ಪಾರಾಗೋಣ ಅಂತ ಕೆಲವರು ಯೋಚಿಸುತ್ತಾರೆ. ಬರೆದರೆ ಸಾಲದು. ನೋಡಿದ ಕೂಡಲೇ ಮಕ್ಕಳ ಆಟಕ್ಕೇ ಮಾಡಿದ್ದು ಅಂತ ಅನ್ನಿಸಿದರೆ ಅದು ಆಟಿಕೆಯೇ. ಬೆಲೆ, ಮಾರುವ ಜಾಗ, ಪೆಟ್ಟಿಗೆಯ ರೂಪ ಎಲ್ಲ ನೋಡುತ್ತಾರೆ. ಬಲೂನಿನ ಪಕ್ಕ ನೇತು ಹಾಕಿ ಸಂಗ್ರಹದ ವಸ್ತು ಅಂದರೆ ಯಾರು ನಂಬುತ್ತಾರೆ?

ಹಸ್ತಕಲಾ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ, ಭೌಗೋಳಿಕ ಸೂಚಕ ಇರುವ ಚನ್ನಪಟ್ಟಣದಂಥ ಗೊಂಬೆಯ ಅಧಿಕೃತ ಬಳಕೆದಾರರಿಗೆ ಈ ಆದೇಶದಲ್ಲಿ ವಿನಾಯಿತಿ ಇದೆ. ಇದು ಮುಂದೆ ಉಪಯೋಗಕ್ಕೆ ಬರಬಹುದು.

ಪದರಪದರ, ಯಲ್ಲಾಪುರ

ಡೈ ಬಗ್ಗೆ ಓದಿ ಎಲ್ಲರೂ ಹೆದರಿಕೊಂಡ ಹಾಗೆ ಕಾಣುತ್ತದೆ. 50 ಗೊಂಬೆಗೆ ಡೈ ಯಾಕೆ? ನಾನು ಮನೆಯಲ್ಲೇ ತ್ರೀಡಿ ಪ್ರಿಂಟರ್ ಇಟ್ಟುಕೊಂಡು ಸಣ್ಣ ಮೂರ್ತಿ, ಬಿಡಿ ಭಾಗ ಮಾಡಿಕೊಡುತ್ತೇನೆ.

ಗೊಂಬೆಗೆ ರೆಸಿನ್ ಪ್ರಿಂಟರ್ ಬೇಕು. ತಟ್ಟೆಯಲ್ಲಿ ದ್ರವ ಇರುತ್ತದೆ, ಕೆಳಗಿನಿಂದ ಯುವಿ ಬೆಳಕು ಬಿದ್ದ ಕಡೆ ಮಾತ್ರ ಗಟ್ಟಿಯಾಗುತ್ತದೆ, ಪದರದ ಮೇಲೆ ಪದರ. ಕೂದಲೆಳೆಗಿಂತ ತೆಳುವಾದ ಪದರ ಬರುವುದರಿಂದ ಕಸೆಯ ಮಡಿಕೆ, ಶಾಲಿನ ಅಂಚು ಎಲ್ಲ ಮೂಡುತ್ತದೆ. ಚಾಚಿದ ಕೈ, ಎತ್ತಿದ ಕಾಲು ಗಾಳಿಯಲ್ಲಿ ನಿಲ್ಲಲ್ಲವಲ್ಲ, ಅದಕ್ಕೆ ಕಡ್ಡಿ ಕಡ್ಡಿ ಆಧಾರ ಕೊಡಬೇಕು. ಆಮೇಲೆ ಅದನ್ನು ಮುರಿದು, ಸ್ಪಿರಿಟ್‌ನಲ್ಲಿ ತೊಳೆದು, ಮತ್ತೆ ಬೆಳಕಿಗೆ ಇಟ್ಟು ಗಟ್ಟಿ ಮಾಡಿ, ಕಡ್ಡಿ ಇದ್ದ ಜಾಗ ಉಜ್ಜಬೇಕು. ಹಸಿ ರೆಸಿನ್ ಬರಿಗೈಗೆ ತಾಗಬಾರದು.

ತೊಂದರೆ ಎರಡು. ಮಾಮೂಲಿ ರೆಸಿನ್ ಗಾಜಿನ ಜಾತಿ. ಬಿದ್ದರೆ ಬೆರಳು ಮುರಿಯುತ್ತದೆ, ತೆಳ್ಳಗಿನ ಕತ್ತಿ ಖಂಡಿತ ಮುರಿಯುತ್ತದೆ. ಮತ್ತೆ ಮಳೆಗಾಲ. ಚಳಿಗೆ ರೆಸಿನ್ ದಪ್ಪಗಾಗಿ ಪದರ ಸರಿಯಾಗಿ ಅಂಟುವುದಿಲ್ಲ. ಜುಲೈನಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಹೇಳಬೇಕಾಗಿಯೇ ಇಲ್ಲ. ಸೊಂಟದವರೆಗೆ ಬಂದ ಗೊಂಬೆ ಹಾಗೇ ನಿಂತುಬಿಟ್ಟರೆ ಅದನ್ನು ಕಿತ್ತು ಎಸೆಯುವುದೇ. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ನನ್ನ ಸಲಹೆ: ಒಂದೇ ಒಂದು ಮಾದರಿ ಪ್ರಿಂಟ್ ಮಾಡಿ ಚೆನ್ನಾಗಿ ಉಜ್ಜಿ ನುಣುಪು ಮಾಡಿ. ಅದರಿಂದ ಸಿಲಿಕೋನ್ ಅಚ್ಚು ತೆಗೆಯಿರಿ. ಅದಕ್ಕೆ ಪಾಲಿಯುರೆಥೇನ್ ಸುರಿದು ಎರಕ ಹೊಯ್ಯಿರಿ. ಒಂದು ಅಚ್ಚು ಇಪ್ಪತ್ತು ಮೂವತ್ತು ಎರಕ ತಾಳುತ್ತದೆ, ಆಮೇಲೆ ಹರಿಯುತ್ತದೆ. ಇನ್ನೊಂದು ಅಚ್ಚು ಮಾಡಿಕೊಳ್ಳಿ. 50 ಗೊಂಬೆಗೆ ಇದೇ ದಾರಿ.

ದೊಡ್ಡ ಕಂಪನಿಗಳೂ ಇದನ್ನು ಮುಟ್ಟಿ ನೋಡಿವೆ. 2022ರಲ್ಲಿ ಹ್ಯಾಸ್‌ಬ್ರೋ ಗಿರಾಕಿಯ ಮುಖವನ್ನೇ ಫೋನಿನಲ್ಲಿ ಸ್ಕ್ಯಾನ್ ಮಾಡಿಸಿ, ತ್ರೀಡಿ ಪ್ರಿಂಟ್ ತಲೆ ಮಾಡಿ, ತಮ್ಮ ಮಾಮೂಲಿ ಗೊಂಬೆಯ ಮೈಗೆ ಜೋಡಿಸಿ ಕಳಿಸುವ ಯೋಜನೆ ತಂದಿತ್ತು. ಮೈ ಡೈಯದು, ತಲೆ ಪ್ರಿಂಟರಿನದು. ಚೌಕಿಮನೆಯವರು ಹೇಳಿದ ಲೆಕ್ಕವೇ ಅಲ್ವಾ?

ಡೈಮೇಕರ್, ಸದಾಶಿವಗಡ

@ಪದರಪದರ ಎರಕದ ಗೊಂಬೆಯಲ್ಲಿ ಕೀಲು ಆಡಿಸಿದರೆ ಸವೆಯುತ್ತದೆ. ಭುಜ, ಕುತ್ತಿಗೆ, ಸೊಂಟ, ಇಷ್ಟೇ ಆಡಲಿ. ಹಳೇ ಕೆನ್ನರ್ ಗೊಂಬೆಗಳಲ್ಲಿ ಕುತ್ತಿಗೆ, ಎರಡು ಭುಜ, ಎರಡು ಕಾಲು ಇಷ್ಟೇ ಆಡುತ್ತಿತ್ತು, ಎತ್ತರ ಮೂರೂ ಮುಕ್ಕಾಲು ಇಂಚು. ಈಗಲೂ ಸೂಪರ್‌ಸೆವೆನ್‌ನಂಥ ಕಂಪನಿ ಅದೇ ಅಳತೆ, ಅದೇ ಐದು ಕೀಲಿನಲ್ಲಿ ಯಾರ್ಯಾರದೋ ಗೊಂಬೆ ತರುತ್ತದೆ. ಕೀಲು ಕಡಿಮೆ ಇದ್ದರೆ ಭಾಗ ಕಡಿಮೆ, ಖರ್ಚೂ ಕಡಿಮೆ. ಹಾಗಾಗಿಯೇ ಅವರಿಗೆ ಸಣ್ಣ ಪಾತ್ರ ಕೈಗೆಟುಕುತ್ತದೆ. ಕುತ್ತಿಗೆಯ ಕೀಲಿಗೆ ಸಣ್ಣ ಅಯಸ್ಕಾಂತ ಇಡಿ, ತಲೆ ಬದಲಾಯಿಸುವಾಗ ಸವೆಯಲ್ಲ. (ಅಂಕೋಲಾದ ಅಕ್ಕ, ಹೌದು, ಅಯಸ್ಕಾಂತ ನುಂಗಿದರೆ ಇನ್ನೂ ಅಪಾಯ. ಮಕ್ಕಳ ಕೈಗೆ ಇದು ಬೇಡವೇ ಬೇಡ.)

ಗೋವಾ ಅಂದಕೂಡಲೆ ನೆನಪಾಯಿತು. ಎಂಆರ್‌ಎಫ್ ಮತ್ತು ಹ್ಯಾಸ್‌ಬ್ರೋ ಸೇರಿ 1987ರಲ್ಲಿ ಶುರು ಮಾಡಿದ ಫನ್‌ಸ್ಕೂಲ್ ಇದೆಯಲ್ಲ, ಅದಕ್ಕೆ ಗೋವಾದಲ್ಲೇ ಕಾರ್ಖಾನೆ ಇದೆ. ಅವರು ಇಲ್ಲಿ ತಂದ ಜಿಐ ಜೋ ಗೊಂಬೆಗಳನ್ನು ಅಮೆರಿಕದ ಸಂಗ್ರಾಹಕರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅಲ್ಲಿ ಮಾರಾಟ ಮುಗಿದ ಪಾತ್ರಗಳು ಇಲ್ಲಿ ಬೇರೆ ಬಣ್ಣದಲ್ಲಿ ಬಂದಿದ್ದವು. ಅಲ್ಲಿಯವರಿಗೆ ವಿಚಿತ್ರ ಅನ್ನಿಸುವ ಹಳದಿ, ಕಿತ್ತಳೆ.

ಕಾಳಿಸಂಗಮ, ಕಾರವಾರ

ಇಂಥದ್ದೇ ಇನ್ನೊಂದು ಬ್ರೆಜಿಲ್‌ನಲ್ಲಿ ಆಗಿದೆ. ಸ್ಟಾರ್ ವಾರ್ಸ್‌ನ ರೋಬೋಟ್‌ಗಳ ಮೇಲೆ ಒಂದು ಕಾರ್ಟೂನ್ ಬರುತ್ತಿತ್ತು. ಅದರಲ್ಲಿ ವ್ಲಿಕ್ಸ್ ಅಂತ ಯಾರಿಗೂ ಬೇಡದ ಒಂದು ಪಾತ್ರ. ಕೆನ್ನರ್ ಅವನ ಗೊಂಬೆ ಬಿಡುಗಡೆ ಮಾಡಲೇ ಇಲ್ಲ. ಬ್ರೆಜಿಲ್‌ನ ಗ್ಲಾಸ್‌ಲೈಟ್ ಕಂಪನಿ 1988ರಲ್ಲಿ ಅಲ್ಲಿ ಮಾತ್ರ ಮಾರಿತು. ಈಗ ಆ ಗೊಂಬೆಗೆ ಇರುವ ಬೆಲೆ ಕೇಳಿದರೆ ಎದೆ ನಿಲ್ಲುತ್ತದೆ.

ಮೊದಲು ಹೇಳಿದ ಮದ್ಯದಂಗಡಿ ದೃಶ್ಯದ ಇನ್ನೊಂದು ಜೀವಿ ಸ್ನ್ಯಾಗಲ್‌ಟೂತ್‌ನದ್ದೂ ಮಜಾ ಇದೆ. ಗೊಂಬೆ ಮಾಡುವವರ ಕೈಗೆ ಸಿಕ್ಕಿದ ಚಿತ್ರದಲ್ಲಿ ಅವನ ಮೇಲಿನ ಅರ್ಧ ಮೈ ಮಾತ್ರ ಇತ್ತು. ಇವರು ಉದ್ದ ಕಾಲು, ಬೂಟು, ನೀಲಿ ಬಟ್ಟೆ ಎಲ್ಲ ಊಹೆಯಲ್ಲೇ ಕೊಟ್ಟರು. ನಿಜವಾಗಿ ಅವನು ಗಿಡ್ಡ, ಬಟ್ಟೆ ಕೆಂಪು. ಆಮೇಲೆ ತಿದ್ದಿ ಗಿಡ್ಡ ಗೊಂಬೆ ತಂದರು. ಜನ ಹುಡುಕುವುದು ಮಾತ್ರ ಆ ನೀಲಿಯವನನ್ನೇ.

ಪೇಟೆಅಂಗಡಿ, ಶಿರಸಿ

ಇದೆಲ್ಲ ಸರಿ, ಕೇಳಲಿಕ್ಕೆ ಚಂದ. ದುಡ್ಡು ಹಾಕುವವರು ಯಾರು?

ಹಳೇಪುಸ್ತಕ, ಭಟ್ಕಳ

ಮೊದಲೇ ಬುಕ್ಕಿಂಗ್ ತೆಗೆದುಕೊಳ್ಳುವುದು. ದುಡ್ಡು ಬಂದಷ್ಟು ಗೊಂಬೆ.

ಕಾಳಿಸಂಗಮ, ಕಾರವಾರ

ಹೌದು, ಇದು ಹೊಸ ಉಪಾಯವೂ ಅಲ್ಲ. 1977ರ ಕ್ರಿಸ್ಮಸ್‌ಗೆ ಕೆನ್ನರ್ ಕೈಯಲ್ಲಿ ಗೊಂಬೆಯೇ ಇರಲಿಲ್ಲ, ಸಿನಿಮಾ ಅಷ್ಟು ಓಡುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಖಾಲಿ ರಟ್ಟಿನ ಲಕೋಟೆಯಲ್ಲಿ ಒಂದು ಚೀಟಿ ಇಟ್ಟು ಮಾರಿದರು. ಚೀಟಿ ಅಂಚೆಗೆ ಹಾಕಿದವರಿಗೆ ಮುಂದಿನ ವರ್ಷ ನಾಲ್ಕು ಗೊಂಬೆ ಮನೆಗೆ ಬಂತು.

ಈಗ ಹ್ಯಾಸ್‌ಬ್ರೋದ ಹ್ಯಾಸ್‌ಲ್ಯಾಬ್ ಅದನ್ನೇ ದೊಡ್ಡದಾಗಿ ಮಾಡುತ್ತದೆ. 2018ರಲ್ಲಿ ಸ್ಟಾರ್ ವಾರ್ಸ್‌ನ ಖಳ ಜಬ್ಬಾನ ಹಡಗನ್ನು ಸುಮಾರು 500 ಡಾಲರಿಗೆ ಇಟ್ಟು, 5,000 ಜನ ಮುಂದೆ ಬಂದರೆ ಮಾತ್ರ ಮಾಡುತ್ತೇವೆ ಅಂದರು. 8,810 ಜನ ಬಂದರು. ಆ ಹಡಗಿನ ಜೊತೆಯಲ್ಲೇ ಯಾಕ್ ಫೇಸ್ ಅನ್ನುವ ಸಣ್ಣ ಪಾತ್ರದ ಗೊಂಬೆಯನ್ನೂ ಸೇರಿಸಿ ಕೊಟ್ಟರು. ಇದನ್ನು ಗಮನಿಸಿ: ಅವನೊಬ್ಬನನ್ನೇ ಅಂಗಡಿಗೆ ಕಳಿಸಲಿಲ್ಲ, ಹಡಗು ಹತ್ತಿಸಿ ಕಳಿಸಿದರು.

ಎಲ್ಲ ಸಲವೂ ಗೆಲ್ಲುವುದಿಲ್ಲ. 2021ರಲ್ಲಿ ರ‍್ಯಾಂಕರ್ ಅನ್ನುವ ದೈತ್ಯ ಪ್ರಾಣಿಗೆ 9,000 ಜನ ಬೇಕಿತ್ತು, ಸಿಗಲಿಲ್ಲ. ಯೋಜನೆ ಬಿದ್ದು ಹೋಯಿತು. ಅದು ಸಣ್ಣ ಪಾತ್ರ ಕೂಡ ಅಲ್ಲ. ಬೆಲೆಗೆ ತಕ್ಕ ಸಾಮಾನು ಪೆಟ್ಟಿಗೆಯಲ್ಲಿ ಇಲ್ಲ ಅಂತ ಜನ ಹಿಂದೆ ಸರಿದರು.

ಮ್ಯಾಟೆಲ್‌ನವರು ಹೀ-ಮ್ಯಾನ್‌ನ ಹಳೇ ಅಭಿಮಾನಿಗಳಿಗೆ ವರ್ಷದ ಚಂದಾ ಮಾಡಿದ್ದರು. ಚಂದಾ ಕಟ್ಟಿದವರಿಗೆ ತಿಂಗಳು ತಿಂಗಳು ಗೊಂಬೆ. ಒಂದು ತಿಂಗಳು ಎಲ್ಲರಿಗೂ ಬೇಕಾದವನು ಬಂದರೆ ಇನ್ನೊಂದು ತಿಂಗಳು ಯಾರೂ ಕೇಳದವನು. ಅಂಗಡಿಯ ಕೊಕ್ಕೆಯ ರಗಳೆಯೇ ಇಲ್ಲ.

ಚೌಕಿಮನೆ, ಹೊನ್ನಾವರ

ಚಂದಾ ಬೇಡ. ಮಳೆಗಾಲದಲ್ಲಿ ಮೇಳ ತಿರುಗಾಟವನ್ನೇ ನಿಲ್ಲಿಸುತ್ತದೆ, ನಿಮ್ಮ ಗೊಂಬೆ ತಿಂಗಳು ತಿಂಗಳು ಎಲ್ಲಿಂದ ಬರುತ್ತದೆ?

ಪದರಪದರ, ಯಲ್ಲಾಪುರ

ಯಾರೂ ಕೇಳದ ಗೊಂಬೆ ಮಾರಲು ಇನ್ನೊಂದು ಉಪಾಯ ಇದೆ. ಮಾರ್ವೆಲ್ ಲೆಜೆಂಡ್ಸ್ ಗೊಂಬೆಗಳಲ್ಲಿ 2005ರಲ್ಲಿ ಟಾಯ್‌ಬಿಜ್ ಇದನ್ನು ಮಾಡಿತು. ಒಂದೊಂದು ಗೊಂಬೆಯ ಪೆಟ್ಟಿಗೆಯಲ್ಲಿ ಗ್ಯಾಲಕ್ಟಸ್ ಅನ್ನುವ ದೈತ್ಯನ ಒಂದೊಂದು ಅಂಗ. ಎಲ್ಲ ಕೊಂಡರೆ ದೈತ್ಯ ಪೂರ್ತಿಯಾಗುತ್ತಾನೆ. ಬೇಡದ ಗೊಂಬೆಯೂ ಅವನ ಎಡಗಾಲಿಗೋಸ್ಕರ ಮಾರಾಟವಾಗುತ್ತದೆ! ನಮ್ಮಲ್ಲೂ ದೂತನ ಪೆಟ್ಟಿಗೆಯಲ್ಲಿ ರಂಗಸ್ಥಳದ ಒಂದು ಕಂಬ, ರಜಕನ ಪೆಟ್ಟಿಗೆಯಲ್ಲಿ ಇನ್ನೊಂದು ಕಂಬ ಇಡಬಹುದಲ್ವಾ? ನಾಲ್ಕು ಕೊಂಡರೆ ರಂಗಸ್ಥಳ.

ಪೇಟೆಅಂಗಡಿ, ಶಿರಸಿ

ಬೇಡ ತಂಗಿ. ಒಂದು ಕೊಂಡವರು "ಇದೇನು ಬರೀ ಒಂದು ಕಂಬ" ಅಂತ ನನ್ನ ಹತ್ತಿರ ಜಗಳಕ್ಕೆ ಬರುತ್ತಾರೆ. ಮೂರು ಖಾಲಿಯಾಗಿ ನಾಲ್ಕನೆಯದು ಇಲ್ಲದಾಗ ಇನ್ನೂ ಜೋರು ಜಗಳ.

ನಮ್ಮ ಊರಿನದ್ದೇ ಒಂದು ಕೇಳುತ್ತೇನೆ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಬರುತ್ತದಲ್ಲ. ನವಿಲುಗರಿ ಕಟ್ಟಿ ಕತ್ತಿ ಗುರಾಣಿ ಹಿಡಿದು ಕುಣಿಯುವ ಬೇಡನ ಗೊಂಬೆ ಇವತ್ತಲ್ಲ ನಾಳೆ ಯಾರಾದರೂ ಮಾಡುತ್ತಾರೆ. ಹಿಂದೆ ಹಗ್ಗ ಹಿಡಿದು ಅವನನ್ನು ಎಳೆದು ನಿಲ್ಲಿಸುವ ಇಬ್ಬರಿರುತ್ತಾರೆ. ಅವರಿಲ್ಲದೆ ವೇಷವೇ ಇಲ್ಲ. ಆ ಇಬ್ಬರನ್ನು ಮಾಡಿದರೆ ನಾನೇ ಒಂದು ಜೋಡಿ ತೆಗೆದುಕೊಳ್ಳುತ್ತೇನೆ. ಮಾರಲಿಕ್ಕಲ್ಲ, ಮನೆಗೆ.

ಕಾಳಿಸಂಗಮ, ಕಾರವಾರ

ನೋಡಿ, ಹುಚ್ಚು ಯಾರಿಗೆ ಈಗ :)

ಜೋಗುಳ, ಅಂಕೋಲಾ

ಎಲ್ಲವೂ ಪ್ಲಾಸ್ಟಿಕ್ಕೇ ಯಾಕೆ? ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆ ಗುಡಿಗಾರರು ಇದ್ದಾರಲ್ಲ. ಗಂಧದಲ್ಲಿ ಕೆತ್ತುವ ಕೈ ಮೆತ್ತನೆಯ ಮರದಲ್ಲಿ ದೂತನನ್ನು ಕೆತ್ತಲಾರದಾ?

ಚೌಕಿಮನೆ, ಹೊನ್ನಾವರ

ಕೆತ್ತುತ್ತಾರೆ. ನಮ್ಮ ಕಿರೀಟ, ಎದೆಕಟ್ಟು ಎಲ್ಲ ಹಗುರ ಮರದ ಮೇಲೆ ಮಿಂಚಿನ ಹಾಳೆ ಅಂಟಿಸಿ ಮಾಡಿದ್ದೇ. ಆದರೆ ಒಂದೊಂದು ಗೊಂಬೆಗೂ ಅವರ ಒಂದೊಂದು ದಿನ ಹೋಗುತ್ತದೆ. ಅದಕ್ಕೆ ತಕ್ಕ ಕೂಲಿ ಕೊಡಬೇಕು. ಪ್ಲಾಸ್ಟಿಕ್ ಗೊಂಬೆಯ ರೇಟಿಗೆ ಚೌಕಾಶಿ ಮಾಡುವವರು ಆ ಕಡೆ ಹೋಗಲೇಬಾರದು. ಚನ್ನಪಟ್ಟಣದ ಕೆಲಸ ಚರಕಿಯ ಮೇಲೆ ತಿರುಗಿಸಿ ಮಾಡುವುದು, ಗುಂಡನೆಯ ಆಕಾರ ಸಲೀಸು, ಬಾಗಿದ ಬೆನ್ನು ಕಷ್ಟ. ಹಾಗಾಗಿ ಮೊದಲ ಮಾದರಿಯನ್ನು ಗುಡಿಗಾರರ ಕೈಯಲ್ಲಿ ಮರದಲ್ಲಿ ಮಾಡಿಸಿ, ಅದರ ಮೇಲೆ ಸಿಲಿಕೋನ್ ಅಚ್ಚು ತೆಗೆಯಿರಿ. ಕಂಪ್ಯೂಟರಿನಲ್ಲಿ ಮಾಡಿದ ಮುಖಕ್ಕೂ ಉಳಿ ಮುಟ್ಟಿದ ಮುಖಕ್ಕೂ ತುಂಬ ಫರಕು ಇದೆ. ಪೆಟ್ಟಿಗೆಯ ಮೇಲೆ ಕೆತ್ತಿದವರ ಹೆಸರು ಹಾಕಿ.

ಪದರಪದರ, ಯಲ್ಲಾಪುರ

ಮರದ ರಂಧ್ರಕ್ಕೆ ಸಿಲಿಕೋನ್ ಹಿಡಿದುಕೊಳ್ಳುತ್ತದೆ. ಮೊದಲು ಎರಡು ಮೂರು ಕೈ ಸೀಲರ್ ಬಳಿಯಬೇಕು. ಉಳಿದದ್ದಕ್ಕೆ ನಾನು ತಯಾರು.

ಚೌಕಿಮನೆ, ಹೊನ್ನಾವರ

ಇನ್ನೊಂದು ಹೇಳಲೇಬೇಕು. ನಾಲ್ವರಿಗೂ ಒಂದೇ ಮೈ ಆಗುವುದಿಲ್ಲ. ದೂತನಿಗೆ ಅಂಗಿ ಇದೆ. ಬ್ರಾಹ್ಮಣ ಬರಿಮೈ, ಪಂಚೆ, ಜನಿವಾರ. ಬಾಹುಕನ ಕೈ ಗಿಡ್ಡ, ಬೆನ್ನು ವಕ್ರ. ಕಾರ್ಕೋಟಕ ಸರ್ಪ ಕಚ್ಚಿ ಹಾಗಾಗಿದ್ದಲ್ವಾ. ಕಾಲು ಎಲ್ಲರಿಗೂ ಒಂದೇ ಇರಲಿ, ಸೊಂಟದ ಮೇಲಿನ ಮೈ ಮೂರು ಮಾಡಿ. ಬಾಹುಕನ ಪೆಟ್ಟಿಗೆಯಲ್ಲಿ ಕಾರ್ಕೋಟಕ ಕೊಟ್ಟ ವಸ್ತ್ರ ಇಡಿ, ನಿಜವಾದ ಬಟ್ಟೆಯ ತುಂಡು. ಜೊತೆಗೆ ನಳನ ಒಂದು ತಲೆ. ಬಟ್ಟೆ ಹೊದಿಸಿ ತಲೆ ಬದಲಿಸಿದರೆ ಬಾಹುಕ ಹೋಗಿ ನಳ ಬಂದ.

ಅಲ್ಲಿಗೆ ಯಾರಿಗೂ ಗೊತ್ತಿಲ್ಲದವನ ಪೆಟ್ಟಿಗೆಯಲ್ಲಿ ಎಲ್ಲರಿಗೂ ಗೊತ್ತಿದ್ದವನೂ ಸಿಕ್ಕಿದ ಹಾಗಾಯಿತು.

ಡೈಮೇಕರ್, ಸದಾಶಿವಗಡ

ಇದು ಸರಿಯಾದ ಮಾತು. ಅಂಗಡಿಯವರ ಪ್ರಶ್ನೆಗೂ ಇದರಲ್ಲೇ ಉತ್ತರ ಇದೆ. ಪೆಟ್ಟಿಗೆಯ ಮುಂದೆ "ನಳ" ಅಂತ ದೊಡ್ಡದಾಗಿ ಬರೆದರೆ ಮಾರಾಟವಾಗುತ್ತದೆ.

ಕಾಳಿಸಂಗಮ, ಕಾರವಾರ

ಅದಕ್ಕೆ ನಾನು ಒಪ್ಪಲ್ಲ. ಮುಂದೆ ಬಾಹುಕನೇ ಇರಲಿ, ನಳನ ತಲೆ ಒಳಗೆ ಸಿಗಲಿ. ಬಾಹುಕನ ಹೆಸರು ಹಿಂದಕ್ಕೆ ಹಾಕುವುದಾದರೆ ಇಷ್ಟೆಲ್ಲ ಮಾತಾಡಿದ್ದು ಯಾಕೆ?

ಹೊರದೇಶದಿಂದ ತರಿಸಿಕೊಳ್ಳುವ ಆಸೆ ನಾನು ಬಿಟ್ಟಾಗಿದೆ. ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಅಷ್ಟು ಸುಂಕ ಕಟ್ಟಿ ಐಸ್‌ಕ್ರೀಂ ಡಬ್ಬಿಯವನನ್ನು ತರಿಸುವ ಬದಲು ಆ ದುಡ್ಡು ಬಾಹುಕನಿಗೆ ಹಾಕುತ್ತೇನೆ. ಮೊದಲ ಮಾದರಿಯ ಕೆತ್ತನೆಯ ಕೂಲಿ ನನ್ನದು. ಮಾದರಿಗೆ ಬಣ್ಣ ಹಾಕಿ, ಫೋಟೋ ತೆಗೆದು ಇಲ್ಲಿ ಹಾಕಿದ ಮೇಲೆ ಬುಕ್ಕಿಂಗ್. ಅಲ್ಲಿಯವರೆಗೆ ಯಾರ ಹತ್ತಿರವೂ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ.

ಕರಿಕೋಟು, ಕುಮಟಾ

ಬುಕ್ಕಿಂಗ್ ರಸೀದಿಯಲ್ಲಿ ದುಡ್ಡು ವಾಪಸ್ ಕೊಡುವ ತಾರೀಕು ಬರೆಯಿರಿ. ಎಷ್ಟು ಜನ ಬಂದರೆ ಮಾಡುತ್ತೀರಿ, ಬರದಿದ್ದರೆ ಏನು, ಎರಡೂ ಬರವಣಿಗೆಯಲ್ಲಿ ಇರಲಿ. ಪೆಟ್ಟಿಗೆ ಡಿಸೈನ್ ನನಗೆ ಒಮ್ಮೆ ತೋರಿಸಿ.

ಹಳೇಪುಸ್ತಕ, ಭಟ್ಕಳ

ಹಾಗಾದರೆ ಡಿಂಗ??

ಚೌಕಿಮನೆ, ಹೊನ್ನಾವರ

ಹಕ್ಕು ಇರುವವರಿಗೆ ನೀವು ಒಂದು ಪತ್ರ ಬರೆಯಿರಿ. ನಮ್ಮ ಬಾಹುಕನ ಫೋಟೋವನ್ನೂ ಜೊತೆಗೆ ಕಳಿಸಿ, ಹುಚ್ಚರಲ್ಲ ಅಂತ ಅವರಿಗೂ ಗೊತ್ತಾಗಲಿ.

ಕಾಳಿಸಂಗಮ ಅವರೇ, ಗೆಜ್ಜೆ ಮರೀಬೇಡಿ. ಹಾಸ್ಯಗಾರನಿಗೂ ಗೆಜ್ಜೆ ಇದೆ. ಗೊಂಬೆ ಮಾಡುವವರು ಮೊದಲು ಬಿಡುವುದೇ ಅದನ್ನು.

ಪೇಟೆಅಂಗಡಿ, ಶಿರಸಿ

ನನ್ನ ಅಂಗಡಿಗೆ ಎರಡು ಕಳಿಸಿ. ಕೌಂಟರಿನ ಗಾಜಿನ ಒಳಗೆ ಇಡುತ್ತೇನೆ, ಕೊಕ್ಕೆಗೆ ಹಾಕಲ್ಲ. ಮಾರಾಟವಾದರೆ ದುಡ್ಡು, ಆಗದಿದ್ದರೆ ವಾಪಸ್. ಮುಂಗಡ ಕೇಳಬೇಡಿ.